ನೀಲವ್ವನ ಮುಷ್ಟಿಯಲ್ಲಿದ್ದ ಬೆಲ್ಟು

ಕಬಡ್ಡಿ ತಂಡದ ನಾಯಕಿ ನೀಲವ್ವ ಹೊಲಿಗೆ ಯಂತ್ರದ ಬೆಲ್ಟನ್ನು ಕಳಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ತೊಂಬತ್ತರ ದಶಕದಲ್ಲಿ ನಾನು ಸವದತ್ತಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಬೈಲಹೊಂಗಲದ ಪಂದ್ಯಕ್ಕೆ ಹೋಗುವ ಬಸ್ ಖರ್ಚಿಗೆಂದು ಹುಡುಗಿಯರು ಹಳೆ ಬಟ್ಟೆಯ ತುಂಡು ಜೋಡಿಸಿದ ಕೌದಿ ಚೀಲ ಹೊಲಿದು ಮಾರುವವರಿದ್ದರು. ‘ಕೈಹೊಲಿಗೆಯ ಚೀಲಗಳು’ ಎಂಬ ಬೋರ್ಡೂ ಸಿದ್ಧವಾಗಿತ್ತು. ಬೇಗ ಮುಗಿಯಲೆಂದು ಹೆಡ್‌ಮಾಸ್ತರರು ಯಂತ್ರ ತರಿಸಿದ್ದರು.

“ಬೆಲ್ಟ್ ಕೊಡವಾ. ಕೈಲೆ ಹೊಲಕೋಂತ ಕುಂತ್ರ ಅರ್ಧಾನೂ ಆಗೂದಿಲ್ಲ. ಬಸ್ಸಿಗೆ ರೊಕ್ಕ ಎಲ್ಲಿಂದ ತರ್ತಿ?” ಎಂದರು ಅವರು.

“ಟ್ರ್ಯಾಕ್ಟರಿನ್ಯಾಗ ಹೋಗ್ತೇವ್ರಿ ಸರ್. ಬೋರ್ಡಿನ್ಯಾಗ ಸುಳ್ಳ ಬರದು ಮಾರಂಗಿಲ್ರಿ.”

ಚೀಲಗಳು ಕಡಿಮೆಯೇ ಆದವು. ತಂಡ ಟ್ರ್ಯಾಕ್ಟರಿನಲ್ಲೇ ಹೊರಟಿತು. ಹತ್ತುವ ಮುನ್ನ ನೀಲವ್ವ ಬೆಲ್ಟನ್ನು ಹೆಡ್‌ಮಾಸ್ತರರ ಕೈಗಿಟ್ಟಳು. “ಈಗ ಎಷ್ಟ ಬೇಕಾರ ಹೊಲೀರಿ ಸರ್.”

ಆ ಬೋರ್ಡಿನ ಒಂದಕ್ಷರವನ್ನೂ ನಾವು ಅಳಿಸಬೇಕಾಗಲಿಲ್ಲ.