ಹೊಳ್ಳರ ಅನುವಾದ

ಕೋಟದ ಕಡೆಯ ಬ್ರಾಹ್ಮಣ, ಮನೆಯೊಳಗೆ ಈರುಳ್ಳಿ ಬಂದರೂ ಮುಖ ಸಿಂಡರಿಸುವವರು, ಹೋಗಿ ಹೋಗಿ ಸಿಗಡಿ ಕಂಪನಿಯ ಗುಮಾಸ್ತರಾದರು ಎಂದರೆ ಊರವರು ನಗದೆ ಇರುತ್ತಾರೆಯೇ? ಯಜ್ಞನಾರಾಯಣ ಹೊಳ್ಳರು ಕೊಚ್ಚಿಯಿಂದ ಊರಿಗೆ ಬಂದಾಗಲೆಲ್ಲ ಅವರ ದೊಡ್ಡಪ್ಪ ಶಾಲಿನ ತುದಿಯನ್ನು ಮೂಗಿಗೆ ಹಿಡಿಯುತ್ತಿದ್ದರು. ಹೊಳ್ಳರೂ ಸುಮ್ಮನಿರುವ ಆಸಾಮಿಯಲ್ಲ. ಸಿಗಡಿಯನ್ನು ನಾನು ತಿನ್ನುವುದಿಲ್ಲ ದೊಡ್ಡಪ್ಪಯ್ಯ, ಅದು ನನಗೆ ಅನ್ನ ಹಾಕುತ್ತದೆ ಅಷ್ಟೆ ಎನ್ನುತ್ತಿದ್ದರು.

ಅರವತ್ತರ ದಶಕದಲ್ಲಿ ಸಿಗಡಿಗೆ ಶುಕ್ರದೆಸೆ ತಿರುಗಿತ್ತು. ಅದುವರೆಗೆ ಬಡವರ ಗಂಜಿಯ ಜೊತೆಗೋ ತೆಂಗಿನ ಬುಡಕ್ಕೋ ಹೋಗುತ್ತಿದ್ದ ಜೀವಿ ಈಗ ಹೆಪ್ಪುಗಟ್ಟಿ, ಪೆಟ್ಟಿಗೆಯಲ್ಲಿ ಮಲಗಿ, ಹಡಗು ಹತ್ತಿ ಅಮೆರಿಕಕ್ಕೂ ಜಪಾನಿಗೂ ಹೋಗತೊಡಗಿತು. ಕೊಚ್ಚಿಯ ಗಲ್ಲಿಗಲ್ಲಿಗಳಲ್ಲಿ ಸಿಗಡಿ ಸುಲಿಯುವ ಶೆಡ್ಡುಗಳು ಎದ್ದವು. ಸುಲಿಯುವ ಹೆಂಗಸರಿಗೆ ಕೂಲಿ ಸಿಕ್ಕಿತು, ಬೆರಳ ಸಂದಿಯಲ್ಲಿ ಹುಣ್ಣೂ ಸಿಕ್ಕಿತು. ಹೊಳ್ಳರಿಗೆ ತ್ರಿಪ್ಪುಣಿತ್ತುರದಲ್ಲಿ ಬಾವಿ ಇರುವ ಬಾಡಿಗೆ ಮನೆ ಸಿಕ್ಕಿತು. ಹೆಂಡತಿ ಚಂದ್ರಾವತಿ ಅಲ್ಲಿ ಬಸಳೆ ಚಪ್ಪರ ಹಾಕಿದಳು, ಮಗಳು ನಿರ್ಮಲ ಅಲ್ಲಿಯ ಶಾಲೆಗೆ ಸೇರಿದಳು.

ಹೊಳ್ಳರಿಗೆ ಒಂದು ಜಂಬವಿತ್ತು. ಅದು ಅವರ ಮಲಯಾಳ. ಹಾಲಿನವನಿಂದ, ಬಸ್ ಕಂಡಕ್ಟರನಿಂದ, ತೆಂಗಿನ ಮರ ಹತ್ತುವವನಿಂದ ಕೇಳಿ ಕೇಳಿ ಕಲಿತದ್ದು. ಆಫೀಸಿನಲ್ಲಿ ಎಲ್ಲ ಇಂಗ್ಲಿಷ್, ಹಾಗಾಗಿ ಪುಸ್ತಕದ ಮಲಯಾಳದ ಗೊಡವೆಗೆ ಅವರು ಹೋಗಲಿಲ್ಲ. ಹೋಗುವ ಅಗತ್ಯವೂ ಅವರಿಗೆ ಕಾಣಲಿಲ್ಲ. ದೊಡ್ಡ ದೊಡ್ಡ ಪದಗಳೆಲ್ಲ ಸಂಸ್ಕೃತದ್ದೇ ತಾನೇ, ಸಂಸ್ಕೃತ ಎಲ್ಲ ಕಡೆಗೂ ಒಂದೇ ತಾನೇ! ಅಲ್ಪವಿದ್ಯೆ ಮಹಾಗರ್ವ ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ.

ಅರವತ್ತೇಳರ ಹೊತ್ತಿಗೆ ಕೊಚ್ಚಿಯ ಕಡಲಲ್ಲಿ ಬೋಟುಗಳು ಹೆಚ್ಚಾಗಿ ಸಿಗಡಿ ಕಡಿಮೆಯಾಯಿತು. ಕಂಪನಿ ತಿರುವನಂತಪುರದ ಆಚೆ, ವಿಳಿಂಜಂ ಕಡಲಿನ ಮೇಲೆ ಕಣ್ಣು ಹಾಕಿತು. ಬೋಟು ಇಳಿಸುವ ಮೊದಲು ಕಡಲಕರೆಯ ಜನರನ್ನು ಕರೆದು ಅವರ ಮಾತನ್ನೂ ಕೇಳಿ ಎಂದು ಸರ್ಕಾರದಿಂದ ಸೂಚನೆ ಬಂತು. ಮ್ಯಾನೇಜರ್ ವೀರಭದ್ರ ರಾವ್ ಕಾಕಿನಾಡದವರು, ಮಲಯಾಳ ಒಂದಕ್ಷರ ಬಾರದು. ಆಫೀಸಿನ ಮಲಯಾಳಿಗಳನ್ನು ಕರೆದರೆ, ಜಾಣರು, ಒಬ್ಬರ ತಾಯಿಗೆ ಅಂದೇ ಕಾಯಿಲೆ, ಇನ್ನೊಬ್ಬರ ಮನೆಯಲ್ಲಿ ಅಂದೇ ಗೃಹಪ್ರವೇಶ. ಸ್ವಂತ ಜನರ ಮುಂದೆ ನಿಂತು ಕಂಪನಿಯ ಪರ ಮಾತಾಡಿ ಉಗಿಸಿಕೊಳ್ಳಲು ಯಾರಿಗೆ ಬೇಕಿತ್ತು? ನಮ್ಮ ಹೊಳ್ಳರು ಎದೆ ಸೆಟೆಸಿ, ನಾನಿದ್ದೇನಲ್ಲ ಸಾರ್, ಎಂದುಬಿಟ್ಟರು.

ವಿಳಿಂಜಂನಲ್ಲಿ ಮರಳಿನ ಮೇಲೆ ಎರಡು ಕುರ್ಚಿ ಹಾಕಿದ್ದರು. ಸುತ್ತ ಗಂಡಸರು ಕುಕ್ಕರಗಾಲಲ್ಲಿ ಕೂತಿದ್ದರು, ಹಿಂದೆ ಮೀನಿನ ಬುಟ್ಟಿಯ ಹೆಂಗಸರು ನಿಂತಿದ್ದರು. ಅವರೆಲ್ಲರ ಪರವಾಗಿ ಪನಿಯಡಿಮ ಎಂಬ ಹಿರಿಯ ಎದ್ದ. ಪನಿಯಡಿಮನದು ಕರಮಡಿ ಬಲೆ. ನಮ್ಮ ಕಡೆಯ ರಂಪಣಿ ಹೇಗೋ ಹಾಗೆ. ಹಗ್ಗದ ಒಂದು ತುದಿ ದಡದಲ್ಲಿ, ಇನ್ನೊಂದನ್ನು ದೋಣಿಯಲ್ಲಿ ಸುತ್ತು ಹಾಕಿಸಿ ತಂದು, ಊರಿಗೆ ಊರೇ ನಿಂತು ಎಳೆಯುವುದು. ಎಳೆದವರಿಗೆಲ್ಲ ಪಾಲು, ಎಳೆಯಲಾಗದ ವಿಧವೆಗೂ ಒಂದು ಪಾಲು. ಆ ಬಲೆಗೆ ದಡದ ಹತ್ತಿರದ ಕಡಲೇ ಗದ್ದೆ. ಕಂಪನಿಯ ಬೋಟುಗಳು ತಳ ಗೋರಲು ಬರುವುದೂ ಅಲ್ಲಿಗೇ.

ಪನಿಯಡಿಮ ಹೆಚ್ಚು ಮಾತಾಡಲಿಲ್ಲ.

"ಞಂಙಳುಡೆ ಅನುವಾದಂ ಇಲ್ಲಾದೆ ಇವಿಡೆ ಬೋಟ್ ಇರಕ್ಕರುದು, ಸಾರೇ."

ನಮ್ಮ ಅನುವಾದ ಇಲ್ಲದೆ ಇಲ್ಲಿ ಬೋಟು ಇಳಿಸಬಾರದು. ಹೊಳ್ಳರಿಗೆ ಒಂದೊಂದು ಪದವೂ ಅರ್ಥವಾಯಿತು. ಪಾಪ, ಇಂಗ್ಲಿಷ್ ಬಾರದ ಜನ, ಕಂಪನಿಯ ಯೋಜನೆಯನ್ನು ತಮ್ಮ ಭಾಷೆಗೆ ಅನುವಾದಿಸಿ ಹೇಳಿ ಎನ್ನುತ್ತಿದ್ದಾರೆ. ನ್ಯಾಯವಾದ ಬೇಡಿಕೆಯೇ. ರಾವ್ ಅವರ ಕಿವಿಗೂ ಆ ಪದ ಬಿದ್ದಿತ್ತು, ತೆಲುಗಿನಲ್ಲೂ ಅದೇ ಪದವಲ್ಲವೇ? ಅನುವಾದ ತಾನೇ, ಧಾರಾಳವಾಗಿ ಮಾಡಿಕೊಡಿ ಎಂದು ಅವರು ನಕ್ಕರು.

ಹೊಳ್ಳರು ಮಾಡಿದರು. ಬಿಸಿಲಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ, ಐಸ್ ಕಾರ್ಖಾನೆ, ಬೋಟು, ವಿದೇಶಿ ವಿನಿಮಯ, ದೇಶದ ಅಭಿವೃದ್ಧಿ, ಎಲ್ಲವನ್ನೂ ಮಲಯಾಳದಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಕೊನೆಗೆ ಕೈಮುಗಿದು, ಹರಿಕಥೆಗೆ ಮಂಗಳ ಹಾಡುವವರ ತೃಪ್ತಿಯಿಂದ ಹೇಳಿದರು:

"ಅನುವಾದಂ ಆಯಿ."

ಅನುವಾದ ಆಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪನಿಯಡಿಮ ಏನನ್ನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಉಟ್ಟಿದ್ದ ಮುಂಡಿನ ಮರಳು ಕೊಡವಿ ಎದ್ದು ನಡೆದ. ಅವನ ಹಿಂದೆ ಎಲ್ಲರೂ ಎದ್ದು ಹೋದರು. ಒಂದು ಬೈಗುಳವಿಲ್ಲ, ಒಂದು ಪ್ರಶ್ನೆಯಿಲ್ಲ. ಇಷ್ಟು ಸುಲಭವಾಗಿ ಒಪ್ಪುತ್ತಾರೆ ಎಂದು ನಾನೂ ಎಣಿಸಿರಲಿಲ್ಲ ಎಂದು ರಾವ್ ಹೊಳ್ಳರ ಬೆನ್ನು ತಟ್ಟಿದರು. ಹೊಳ್ಳರು ಮನೆಗೆ ಬಂದು ಚಂದ್ರಾವತಿಯ ಮುಂದೆ ಅದನ್ನೇ ತಿರುಗಾ ಮುರುಗಾ ಹೇಳಿದರು.

ಬೋಟುಗಳು ಇಳಿದವು. ಬೋಟಿನವರಿಗೆ ಬೇಕಾದದ್ದು ಸಿಗಡಿ ಮಾತ್ರ. ಬಲೆಗೆ ಬಿದ್ದ ನೆತ್ತೋಲಿ, ಮರಿಮೀನು, ಏಡಿ ಎಲ್ಲವನ್ನೂ ಸತ್ತ ಮೇಲೆ ಕಡಲಿಗೇ ಚೆಲ್ಲಿ ಬರುತ್ತಿದ್ದರು. ಬುಟ್ಟಿಯ ಹೆಂಗಸರು ದಡದಲ್ಲಿ ಬರಿಗೈಯಲ್ಲಿ ನಿಂತು ಅದನ್ನು ನೋಡಬೇಕು. ಕರಮಡಿ ಎಳೆದರೆ ಪಾಚಿ ಬರುತ್ತಿತ್ತು. ಸಿಗಡಿ ತಿನ್ನುವವರು ಸಮುದ್ರದಾಚೆ, ಹಸಿವು ಈಚೆ. ಇದನ್ನು ವ್ಯಾಪಾರ ಎನ್ನುವುದಾದರೆ ದರೋಡೆಗೆ ಬೇರೆ ಪದ ಹುಡುಕಬೇಕು.

ಇದೆಲ್ಲ ಹೊಳ್ಳರ ಕಿವಿಗೆ ಬರುತ್ತಿತ್ತು. ಒಪ್ಪಿಕೊಂಡು ಈಗ ಗೋಳಾಡಿದರೆ ಹೇಗೆ ಎಂದು ಅವರು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಹಾಗೆ ಕೆಲವು ವರ್ಷ ಕಳೆಯಿತು.

ಒಂದು ಸಂಜೆ ನಿರ್ಮಲ ಶಾಲೆಯಿಂದ ಬಂದವಳೇ, ಎಲ್ಲರೂ ತಿರುವನಂತಪುರದ ಮೃಗಾಲಯಕ್ಕೆ ಹೋಗುತ್ತಿದ್ದಾರೆ, ತನಗೆ ಅಪ್ಪನ ಅನುವಾದ ಬೇಕು ಎಂದು ಮಲಯಾಳದಲ್ಲಿ ಹೇಳಿದಳು. ಮನೆಯಲ್ಲಿ ಎಷ್ಟು ಕನ್ನಡದಲ್ಲಿ ಕೇಳಿದರೂ ಆ ಮಗುವಿನ ಉತ್ತರ ಮಲಯಾಳದಲ್ಲೇ. ಹೊಳ್ಳರು ಕನ್ನಡಕ ಏರಿಸಿ, ಕೊಡು ಇಲ್ಲಿ, ಯಾವ ಭಾಷೆಯಿಂದ ಯಾವ ಭಾಷೆಗೆ, ಎಂದು ಕೈ ಚಾಚಿದರು.

ನಿರ್ಮಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪರೂಪಕ್ಕೆ ಅವಳ ಬಾಯಿಂದ ಕನ್ನಡ ಬಂತು.

"ಅದಲ್ಲ ಅಪ್ಪಾ. ಅನುವಾದಂ ಅಂದ್ರೆ ಪರ್ಮಿಷನ್. ನೀವು ಹೇಳೂದಕ್ಕೆ ಇಲ್ಲಿ ತರ್ಜಮ ಅಂತಾರೆ."

ಹೊಳ್ಳರ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಅನುವಾದ ಎಂದರೆ ಅನುಮತಿ! ನಮ್ಮ ಅನುಮತಿ ಇಲ್ಲದೆ ಬೋಟು ಇಳಿಸಬಾರದು ಎಂದು ಆ ಮುದುಕ ಹೇಳಿದ್ದ. ಅದಕ್ಕೆ ಇವರು ಬೆವರು ಒರೆಸಿಕೊಂಡು, ಕೈ ಬೇರೆ ಮುಗಿದು, ಅನುಮತಿ ಆಯಿತು ಎಂದಿದ್ದರು. ಯಾರು ಕೊಟ್ಟರು? ಮೇಲಿನವರು ಕೊಟ್ಟಾಗಿದೆ, ಇನ್ನು ನಿಮ್ಮನ್ನು ಕೇಳುವುದೇನು ಎಂದೇ ಆ ಜನ ತಿಳಿದಿರಬೇಕು. ಅದಕ್ಕೇ ಸದ್ದಿಲ್ಲದೆ ಎದ್ದು ಹೋದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಭಾನುವಾರ ಅವರು ವಿಳಿಂಜಂಗೆ ಹೋದರು. ಪನಿಯಡಿಮ ಹರಿದ ಬಲೆಯ ಮುಂದೆ ಕೂತಿದ್ದ. ಬೋಟೊಂದು ಅದರ ಮೇಲೆಯೇ ಹಾದು ಹೋಗಿತ್ತು. ಹೊಳ್ಳರು ಮರಳಿನಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದರು. ಹೇಳುವಾಗ ಅವರಿಗೆ ಅಳು ಬಂತು. ಪನಿಯಡಿಮ ಬೈಯಲಿಲ್ಲ. ಅಂದು ನಾನು ಸರಿಯಾಗಿ ಕೇಳಿದ್ದರೆ ನೀನೇನು ಹೇಳುತ್ತಿದ್ದೆ ಚೇಟ್ಟಾ ಎಂದು ಹೊಳ್ಳರು ಕೇಳಿದಾಗ, ಅವನು ಸೂಜಿಯಿಂದ ತಲೆ ಎತ್ತದೆ ಹೇಳಿದ. ಬೇಡ ಎನ್ನುತ್ತಿರಲಿಲ್ಲವಂತೆ. ಸಿಗಡಿ ಮಾರಿ, ಜಪಾನಿಗಾದರೂ ಮಾರಿ, ನಮಗೇನು ಹೊಟ್ಟೆಕಿಚ್ಚೇ? ದಡದ ಹತ್ತಿರ ಬರಬೇಡಿ, ಮಳೆಗಾಲದಲ್ಲಿ ಮೀನು ಮೊಟ್ಟೆಯಿಡುವಾಗ ಬಲೆ ಬಿಡಬೇಡಿ, ನಿಮಗೆ ಬೇಡವಾದ ಮೀನನ್ನು ಕಡಲಿಗೆ ಚೆಲ್ಲದೆ ನಮ್ಮ ಹೆಂಗಸರ ಬುಟ್ಟಿಗೆ ಹಾಕಿ. ಇಷ್ಟೇ ಹೇಳಬೇಕೆಂದು ಅಂದು ಎಲ್ಲರೂ ಮಾತಾಡಿಕೊಂಡು ಬಂದಿದ್ದರಂತೆ.

ಅಷ್ಟರಲ್ಲಿ ಕಡಲಲ್ಲಿ ಹೊಡೆದಾಟವಾಗಿ ಒಂದು ಬೋಟಿಗೆ ಬೆಂಕಿ ಬಿತ್ತು. ತಿರುವನಂತಪುರದಲ್ಲಿ ಸರ್ಕಾರದ ವಿಚಾರಣೆ ಶುರುವಾಯಿತು. ಕಡಲಕರೆಯವರದು ಒಂದೇ ವಾದ, ನಮ್ಮನ್ನು ಕೇಳದೆ ಬೋಟು ಇಳಿಸಿದರು, ಅವುಗಳನ್ನು ದೂರಕ್ಕೆ ಕಳಿಸಿ ಎಂದು. ಸಭೆ ಕರೆದಿದ್ದೆವು, ಯಾರೂ ತಕರಾರು ಮಾಡಲಿಲ್ಲ ಎಂದು ಕಂಪನಿ. ಹೊಳ್ಳರು ಸಾಕ್ಷಿ ಹೇಳಲು ಹೊರಟರು. ಹಾಗಾದರೂ ಆ ಜನರ ಮಾತು ಕೇಳಬೇಕಾದವರ ಕಿವಿಗೆ ಬೀಳಲಿ ಎಂದು ಅವರ ಆಸೆ. ಚಂದ್ರಾವತಿ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಗೆ ಎಂತಕ್ಕೆ ಬೇಕು ಇಲ್ಲದ ಉಸಾಬರಿ? ಉಂಡ ಮನೆಯ ಜಂತಿ ಎಣಿಸೂಕೆ ಹೊರಟಿದ್ರಿಯಾ? ನಾಳೆ ಕೆಲಸ ಹೋರೆ ಊರಿಗೆ ಯಾವ ಮುಖ ಹೊತ್ಕಂಡು ಹೋಪುದು?"

ಹೊಳ್ಳರು ಚಪ್ಪಲಿ ಮೆಟ್ಟಿದರು. ಕೆಲಸ ಹೋಗುವುದು ಖಂಡಿತ ಎಂದೇ ಅವರೂ ತಿಳಿದಿದ್ದರು.

ವಿಚಾರಣಾಧಿಕಾರಿಯ ಮುಂದೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಪನಿಯಡಿಮನ ಆ ಮಾತು, ತಮ್ಮ ತಪ್ಪು, ಜನ ಎದ್ದು ಹೋದದ್ದು. ಅವರು ಅನುಮತಿ ಕೊಡಲೇ ಇಲ್ಲ ಎಂದು ಒತ್ತಿ ಹೇಳಿದರು. ಕೋಣೆಯಲ್ಲಿ ಗುಸುಗುಸು ಎದ್ದಿತು. ಆಗ ಕಂಪನಿಯ ವಕೀಲರು ಎದ್ದರು. ಹಾರಾಡಬಹುದು ಎಂದು ಹೊಳ್ಳರು ಕಾದಿದ್ದರು. ಅವರೋ, ಮಗುವನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು. ಹೊಳ್ಳರಿಗೆ ಯಾರಿಗಾದರೂ ಮೋಸ ಮಾಡುವ ಉದ್ದೇಶವಿತ್ತೇ? ಇಲ್ಲ. ಮ್ಯಾನೇಜರು ಆ ಪದಕ್ಕೆ ಟ್ರಾನ್ಸ್‌ಲೇಷನ್ ಎಂದೇ ಅರ್ಥ ಎಂದು ಪ್ರಾಮಾಣಿಕವಾಗಿ ತಿಳಿದಿದ್ದರೇ? ಹೌದು. ಜನ ಕೇಳಿದ್ದನ್ನು ಕಂಪನಿ ಒಳ್ಳೆಯ ಮನಸ್ಸಿನಿಂದ ನಡೆಸಿಕೊಟ್ಟಿತೇ? ಹೊಳ್ಳರು ತಡವರಿಸಿದರು. ಸುಳ್ಳು ಹೇಳಲು ಬಂದವರಲ್ಲವಲ್ಲ.

"ಹೌದು," ಎಂದರು.

ವಕೀಲರು ಥ್ಯಾಂಕ್ಸ್ ಹೇಳಿ ಕೂತರು.

ಇದು ಭಾಷೆಯಿಂದಾದ ದುರದೃಷ್ಟಕರ ಗೊಂದಲ, ಯಾರ ತಪ್ಪೂ ಅಲ್ಲ ಎಂದು ತೀರ್ಮಾನವಾಯಿತು. ಕಂಪನಿ ಸದ್ಭಾವದಿಂದ ನಡೆದುಕೊಂಡಿದೆ, ಬಂಡವಾಳ ಹಾಕಿಯಾಗಿದೆ, ಬೋಟುಗಳು ಮುಂದುವರಿಯಲಿ, ಇನ್ನು ಮುಂದೆ ಒಳ್ಳೆಯ ದುಭಾಷಿಗಳನ್ನು ಬಳಸತಕ್ಕದ್ದು. ದಡದ ಹತ್ತಿರದ ಕಡಲು, ಮಳೆಗಾಲ, ಹೆಂಗಸರ ಬುಟ್ಟಿ, ಒಂದರ ಸುದ್ದಿಯೂ ಇಲ್ಲ. ಹೊಳ್ಳರು ಕೊಡಲಿ ಎತ್ತಿಕೊಂಡು ಹೋಗಿ ಕಂಪನಿಯ ಕೈಗೇ ಕೊಟ್ಟು ಬಂದಿದ್ದರು.

ಹೊರಗೆ ಮೆಟ್ಟಿಲ ಮೇಲೆ ಪನಿಯಡಿಮ ಬೀಡಿ ಹಚ್ಚುತ್ತಿದ್ದ. ತೀರ್ಮಾನವನ್ನು ಯಾರೋ ಅವನಿಗೆ ಮಲಯಾಳದಲ್ಲಿ ಹೇಳಿದ್ದರು. ಹೊಳ್ಳರನ್ನು ಕಂಡು ಅವನು ಮೆಲ್ಲಗೆ ಕೇಳಿದ.

"ನಿಮ್ಮ ತಪ್ಪಲ್ಲ, ಅವರ ತಪ್ಪಲ್ಲ. ಹಾಗಾದರೆ ನನ್ನ ಬಲೆ ತಾನಾಗಿಯೇ ಹರಿದುಕೊಂಡಿತಾ, ಸಾರೇ?"



ಕಂಪನಿ ಅವರನ್ನು ತೆಗೆಯಲಿಲ್ಲ. ತೆಗೆಯಲು ಅದಕ್ಕೇನು ಹುಚ್ಚೇ? ರಾವ್ ಕರೆದು ಕೈ ಕುಲುಕಿ, ಕಡಲಕರೆಯವರ ಜೊತೆ ಮಾತಾಡುವ ಕೆಲಸಕ್ಕೆಂದೇ ಹೊಸ ಹುದ್ದೆ ಮಾಡಿ ಅದರಲ್ಲಿ ಕೂರಿಸಿದರು. ಬಡವರಿಗಾಗಿ ಸಾಕ್ಷಿ ಹೇಳಿದ ಮನುಷ್ಯ ಎಂದು ಜನ ಹೊಳ್ಳರನ್ನು ನಂಬುತ್ತಾರಲ್ಲ, ಅದಕ್ಕೆ. ಬೇಡ ಎನ್ನಬೇಕೆಂದು ಹೊಳ್ಳರಿಗೆ ನಾಲಿಗೆಯ ತುದಿಗೆ ಬಂದಿತ್ತು. ನಾನು ಬಿಟ್ಟರೆ ಇನ್ನೊಬ್ಬ ತಪ್ಪಾಗಿ ಕೇಳುತ್ತಾನೆ, ನಾನಾದರೂ ಸರಿಯಾಗಿ ಕೇಳುತ್ತೇನೆ ಎಂದು ಒಪ್ಪಿಕೊಂಡರು. ಹಾಗಂತ ಅವರು ಹೇಳಿದ್ದು. ಮಗಳ ಕಾಲೇಜೂ ಮುಂದಿತ್ತು.

ಎಪ್ಪತ್ತೇಳರಲ್ಲಿ ಕಂಪನಿ ವಿಳಿಂಜಂನ ಆಚೆಯ ಇನ್ನೊಂದು ಕಡಲಕರೆಗೆ ಹೊರಟಿತು. ಹೊಳ್ಳರು ಮರಳಿನಲ್ಲಿ ನಿಂತು, ಪುಸ್ತಕ ಓದಿ ಕಲಿತ ತಪ್ಪಿಲ್ಲದ ಮಲಯಾಳದಲ್ಲಿ, ಬೋಟು ಇಳಿಸಲು ನಿಮ್ಮ ಅನುಮತಿ ಇದೆಯೇ ಎಂದು ಕೇಳಿದರು. ಒಬ್ಬ ಮುದುಕಿ ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು. ಇಲ್ಲ, ವಿಳಿಂಜಂನಲ್ಲಿ ಏನಾಯಿತೆಂದು ನಾವು ಕಣ್ಣಾರೆ ನೋಡಿದ್ದೇವೆ, ಇಲ್ಲಿಗೆ ಬೇಡ ಎಂದಳು. ಸುತ್ತ ನಿಂತವರೆಲ್ಲ ಹೌದು ಎಂದರು. ಹೊಳ್ಳರು ತಿರುಗಿ, ಒಂದಕ್ಷರ ಬಿಡದೆ, ರಾವ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದರು.

ಈ ಸಲ ಭಾಷೆಯ ಗೊಂದಲ ಏನೂ ಆಗಲಿಲ್ಲವಷ್ಟೇ ಎಂದು ರಾವ್ ಕೇಳಿದರು. ಇಲ್ಲ ಎಂದರು ಹೊಳ್ಳರು.

"ಹಾಗಾದರೆ ಸರಿ. ಕೇಳಿ ಎಂದಿದ್ದರು, ಕೇಳಿದೆವು," ಎಂದು ರಾವ್ ಜೀಪು ಹತ್ತಿದರು.

ಮುಂದಿನ ವಾರ ಬೋಟುಗಳು ಆ ಕಡಲಿಗೂ ಇಳಿದವು.