ಅಮ್ಮನ ನೇಜಿ ಹಾಡಿಗೆ ಮರುಭೂಮಿಯ ಹೆಸರು

ಕತಾರಿನ ಹಮದ್ ಬಂದರಿನ ಆಫೀಸಿನಿಂದ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಸೀಟಿನ ಮಲಯಾಳಿ ಹುಡುಗಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದಳು. ಕೇಳಿದರೆ ನನ್ನ ಅಮ್ಮ ಹಾಡುತ್ತಿದ್ದಾಳೆ! ಇಂಗ್ಲಿಷಿನಲ್ಲಿ, ಅದೂ ಗಂಡಸಿನ ದನಿಯಲ್ಲಿ.

ದನಿ ನಿತೇಶನದು. ದೋಹಾ ಹತ್ತಿರದ ಮುಐದರ್‌ನಲ್ಲಿ ನಾವಿರುವುದು ವಿಲ್ಲಾದಲ್ಲಿ. ವಿಲ್ಲಾ ಎಂದರೆ ಬಂಗಲೆಯೆಂದು ಊರಿನವರು ಹೊಟ್ಟೆ ಉರಿಸಿಕೊಳ್ಳಬೇಕಾಗಿಲ್ಲ. ಗೋಡೆ ಹಾಕಿ ತುಂಡು ತುಂಡು ಮಾಡಿದ ಮನೆ. ನಮಗೂ ಮಂಗಳೂರಿನ ನಿತೇಶನಿಗೂ ಅಡುಗೆಮನೆ ಒಂದೇ. ಬಂದ ಹೊಸತರಲ್ಲಿ ಮಾತಿಗೆ ಜನವಿಲ್ಲದೆ, ಅಕ್ಕಿ ತೊಳೆಯುತ್ತಾ, ಅಮ್ಮ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗಿನ ತುಳು ಹಾಡನ್ನು ಹೇಳಿಕೊಳ್ಳುತ್ತಿದ್ದೆ. "ಇನ್ನೊಮ್ಮೆ ಹೇಳಿ ಅಕ್ಕಾ, ಚಂದ ಉಂಟು," ಎಂದು ಅವನು ಗಿಟಾರ್ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದ. ನಾನು ಉಬ್ಬಿಹೋಗಿ ಹೇಳುತ್ತಿದ್ದೆ.

ಈಗ ಅವನ ಆಲ್ಬಮ್ ಬಂದಿದೆ. ಮೆಲ್ಲನೆಯ ಗಿಟಾರ್, ಪಿಸುದನಿ, ಇಂಡಿ ಪಾಪ್ ಅಂತೆ. ತನ್ನ ಮೇಲಿನ ಪ್ರಭಾವಗಳನ್ನೂ ಬರೆದುಕೊಂಡಿದ್ದಾನೆ: ಬ್ರೆಜಿಲಿನ ಬೋಸಾ ನೋವಾ, ಅಮೆರಿಕದ ಹಳೆಯ ಜಾನಪದ, ಕತಾರ್ ಮರುಭೂಮಿಯ ಮೌನ. ಅಮ್ಮನ ಹೆಸರು ಮಾತ್ರ ಮಾಫಿ, ಅಂದರೆ ಇಲ್ಲಿಯ ಅರಬಿಯಲ್ಲಿ ಇಲ್ಲವೇ ಇಲ್ಲ.

ಮೌನವಂತೆ ಮೌನ! ಹಾಡಿನ ಸಾಲಿನ ನಡುವೆ ಅಮ್ಮ ನಿಲ್ಲಿಸುತ್ತಿದ್ದದ್ದು ಕೆಸರಿನಿಂದ ಕಾಲು ಕಿತ್ತು ಹಿಂದಕ್ಕೆ ಇಡಲು. ಆ ನಿಲುಗಡೆಯನ್ನೂ ಬಿಡದೆ ಕದ್ದಿದ್ದಾನೆ. ಮರುಭೂಮಿಯಲ್ಲಿ ಯಾವ ಕೆಸರು ಮಾರಾಯ?

ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. "ಅಮ್ಮನ ಹೆಸರು ಹಾಕ್ಲಿಕ್ಕೆ ನಿನಗೇನು ಧಾಡಿ?"

"ಖಲಾಸ್ ಅಕ್ಕಾ, ಮುಗೀತು ಬಿಡಿ. ಅದು ಯಾರದ್ದೂ ಅಲ್ಲದ ಹಾಡು," ಎಂದ.

ಮೈಯೆಲ್ಲ ಉರಿಯಿತು. ಇರು, ಮಾಡ್ತೇನೆ ನಿನಗೆ ಎಂದುಕೊಂಡೆ.

ಇಲ್ಲಿರುವ ನಮ್ಮ ಕರಾವಳಿಯವರ ಸಮಾರಂಭವೊಂದರಲ್ಲಿ ಅವನ ಹಾಡಿತ್ತು. ನೇಜಿ ಹಾಡಿಗೊಂದು ಕಟ್ಟಳೆ ಉಂಟು: ಒಬ್ಬಳು ಹೇಳಿ ನಿಲ್ಲಿಸಿದರೆ ಉಳಿದವರು ಎತ್ತಿಕೊಳ್ಳಲೇಬೇಕು. ಊರಿನಲ್ಲಿ ಗದ್ದೆಗಿಳಿದು ಗೊತ್ತಿದ್ದ ಹೆಂಗಸರನ್ನೆಲ್ಲ ಮೊದಲೇ ಹುಡುಕಿ, ವಿಷಯ ಹೇಳಿ, ಹಾಡೂ ಹೇಳಿಕೊಟ್ಟು, ಸಭೆಯಲ್ಲಿ ಅಲ್ಲಲ್ಲಿ ಕೂರಿಸಿದೆ. ನಿತೇಶ ಕಣ್ಣು ಮುಚ್ಚಿ ಪಿಸುಗುಟ್ಟುತ್ತಾ, ಅಮ್ಮ ಕಾಲು ಕೀಳುತ್ತಿದ್ದ ಆ ಜಾಗದಲ್ಲಿ ನಿಲ್ಲಿಸಿದ. ನಾನು ಎದ್ದು ತುಳುವಿನಲ್ಲಿ ಎತ್ತಿಕೊಂಡೆ. ಹೆಂಗಸರೆಲ್ಲ ಎತ್ತಿಕೊಂಡರು, ಹಿಂದಿನ ಸಾಲಿನ ಗಂಡಸರೂ ಸೇರಿದರು. ನಮ್ಮ ವೇಗಕ್ಕೆ ಬರಲಾಗದೆ ಅವನ ಗಿಟಾರ್ ನಿಂತೇಹೋಯಿತು.

"ಯಾರ ಹಾಡು ಮಾರ್ರೆ ಇದು?" ಎಂದು ಯಾರೋ ಕೂಗಿದರು.

"ಈ ಅಕ್ಕನ ಅಮ್ಮನದು," ಎಂದು ಅವನು ಮೈಕಿನಲ್ಲೇ ಹೇಳಬೇಕಾಯಿತು. ಅವನ ಮುಖ ಇಷ್ಟು ಸಣ್ಣಗಾಗಿತ್ತು. ಅಬ್ಬಾ, ನನ್ನ ಹೊಟ್ಟೆ ತಣ್ಣಗಾಯಿತು.

ಮರುದಿನ ಊರಿಗೆ ಫೋನು ಮಾಡಿ ಎಲ್ಲ ಹೇಳಿದೆ. "ನಿನ್ನ ಹಾಡು ವಾಪಸ್ ತಂದೆ ಅಮ್ಮಾ!"

"ತಂದು ಯಾರಿಗೆ ಕೊಡ್ತಿ ಮಗಾ? ಇಲ್ಲಿ ನೇಜಿ ನೆಡ್ಲಿಕ್ಕೂ ಮಿಷನ್ ಬಂತು. ನನಗೆ ಕೆಮ್ಮು, ಹಾಡ್ಲಿಕ್ಕೆ ಹೋದ್ರೆ ಒಂದು ಸಾಲೂ ಮುಗಿಯುದಿಲ್ಲ. ಆ ಹುಡುಗ ಹಾಡಿದ್ದು ಕಳಿಸು, ಕೇಳ್ತೇನೆ."

ಹಲ್ಲು ಕಚ್ಚಿಕೊಂಡು ಕಳಿಸಿದೆ. ಅವನ ಮೇಲಿನ ಸಿಟ್ಟು ಹಾಗೇ ಉಂಟು. ಅವನಿದ್ದರೆ ಅಡುಗೆಮನೆಯಲ್ಲಿ ನಾನು ಹಾಡಿಗೆ ಬಾಯಿ ಬಿಡುವುದಿಲ್ಲ. ಆದರೆ ಅಮ್ಮ ಈಗ ದಿನವೂ ಜಗಲಿಯಲ್ಲಿ ಕೂತು ಕೇಳುವುದು ದೋಹಾದ ಆ ಕಳ್ಳನನ್ನೇ. ರಜೆಗೆ ಊರಿಗೆ ಹೋದರೆ ನಾನೂ ಅವಳ ಪಕ್ಕ ಕೂತು ಅವನನ್ನೇ ಕೇಳಬೇಕು.