ಕಡಲ ದಂಡೆಯಲ್ಲಿ ಬಿಚ್ಚದ ಬುತ್ತಿ

ಆ ಪ್ರವಾಸಕ್ಕೆ ನಾನು ಒಪ್ಪಿದ್ದು ಗೆಳತಿ ಕೊಟ್ಟ ಒಂದು ಮಾತಿನ ಮೇಲೆ. ಬೈರಿದೇವರಕೊಪ್ಪದ ನಮ್ಮ ಬಡಾವಣೆಯಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಬೆಳಗಿನ ನಡಿಗೆಗೆ ಜೊತೆಯಾಗಿ ಹೋದವರು. ಆಕೆ ಹತ್ತಿ ವ್ಯಾಪಾರಿಯ ಹೆಂಡತಿ, ಶಿವಭಕ್ತರ ಮನೆತನದವಳು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು, ಬೌದ್ಧ ಮನೆತನದವಳು. ನನ್ನ ಅಜ್ಜ ಮುಗದ ಎಂಬ ಹಳ್ಳಿಯ ಹೊರಗೇರಿಯಲ್ಲಿ ಹುಟ್ಟಿ ಅಲ್ಲಿಯೇ ಸತ್ತವನು. ಗೆಳತಿಯ ಮನೆಯಲ್ಲಿ ಉಳಿದವರಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂದರೆ ನನಗೆ ಮಾತ್ರ ಕಾಗದದ ಕಪ್ಪಿನಲ್ಲಿ ಬರುತ್ತಿತ್ತು. ಅದನ್ನು ನಾನು ಗಮನಿಸಿದ್ದೇನೆಂದು ಆಕೆಗೂ ಗೊತ್ತಿತ್ತು. ಆದ್ದರಿಂದಲೇ ನೇರವಾಗಿ ಕೇಳಿದೆ.

“ನಾ ತಂದ ಬುತ್ತಿ ಎಲ್ಲಿ ಬಿಚ್ಚಬೇಕ್ರಿ?”

“ಎಲ್ಲಾರ ಜೋಡಿ, ಒಂದ ಅರಿವ್ಯಾಗ. ಈ ಕಾಲದಾಗ ಯಾರ್ ಅದನ್ನೆಲ್ಲಾ ನೋಡ್ತಾರ್ರಿ ಟೀಚರ್?”

ನಮ್ಮ ಕಡೆ ಪ್ರವಾಸ ಹೋದವರು ತಂತಮ್ಮ ರೊಟ್ಟಿಗಳನ್ನು ಒಂದೇ ಅರಿವೆಯ ಮೇಲೆ ಒಟ್ಟುತ್ತಾರೆ. ಯಾರ ಮನೆಯದು ಮೊದಲು ಖಾಲಿಯಾಯಿತು ಎಂಬುದು ಊರಿಗೆ ಮರಳಿದ ಮೇಲೂ ಮಾತಾಗುತ್ತದೆ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನಾನು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ ಮಾಡಿ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದೆ.

ಹೋಗಬೇಕೆಂಬ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿಗಳನ್ನು ಕಡಲತೀರಕ್ಕೆ ಕರೆದೊಯ್ಯುವ ಸರದಿ ಪ್ರತಿಸಲವೂ ಬೇರೆಯವರ ಪಾಲಾಗುತ್ತಿತ್ತು. ನನ್ನನ್ನು ಸುಳ್ಳ ಎಂಬ ಹಳ್ಳಿಯ ಹೊಲಗಳಿಗೆ ಕಪ್ಪೆ ಹಿಡಿಸಿಕೊಂಡು ಬರಲು ಕಳಿಸುತ್ತಿದ್ದರು. ಬಿಳಿಹೊಟ್ಟೆಯ ಕಡಲಹದ್ದಿನ ಬಗ್ಗೆ ಸೇವೆಯುದ್ದಕ್ಕೂ ಪಾಠ ಹೇಳಿದ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ನಾವು ಹೊರಟಿದ್ದ ಕಡಲ ದಂಡೆಗೆ ರಸ್ತೆಯಿಲ್ಲ. ನದಿ ಸಮುದ್ರ ಸೇರುವಲ್ಲಿ ದೋಣಿ ಹತ್ತಿ, ಗುಡ್ಡದ ಮೂಗನ್ನು ಬಳಸಿ ಹೋಗಬೇಕು. ಗೆಳತಿ, ಆಕೆಯ ಗಂಡ, ವಯಸ್ಸಿನಲ್ಲಿ ಹಿರಿಯಳಾದ ನಾದಿನಿ ಮತ್ತು ನಾನು, ಇಷ್ಟೇ ಜನ. ಘಟ್ಟದ ಕಾಡು ಬಂಡೆಗಳ ಮೇಲಿಂದ ನೇರವಾಗಿ ಉಪ್ಪುನೀರಿಗೆ ಬಾಗಿತ್ತು. ಅಲೆ ಬಂದು ಬಡಿದಾಗಲೆಲ್ಲ ಬೇರುಗಳ ಸಂದಿಯಿಂದ ಕೆಂಪು ಮಣ್ಣು ಕಳಚಿ ನೀರಿಗೆ ಬೀಳುತ್ತಿತ್ತು. ಒಳಗೆಲ್ಲೋ ಮಂಗಟ್ಟೆ ಹಕ್ಕಿಗಳು ಗಂಟಲು ಹರಿಯುವಂತೆ ಕೂಗುತ್ತಿದ್ದವು.

ದೋಣಿಯಿಂದ ಇಳಿಯುವಾಗಲೇ ಹದ್ದು ಕಂಡಿತು. ನೀರಿಗೆ ಎರಗಿ ಕಡಲ ಹಾವೊಂದನ್ನು ಕಿತ್ತುಕೊಂಡು ಎದುರಿನ ಬಂಡೆಗೆ ಬಂದಿತು. ಹಾವು ಅದರ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತಿತ್ತು. ಹದ್ದು ಒಂದು ಪಂಜದಿಂದ ಕುತ್ತಿಗೆಯನ್ನು ಕಲ್ಲಿಗೆ ಒತ್ತಿ ಹಿಡಿದು, ತಲೆಯ ಕಡೆಯಿಂದ ಸೀಳುತ್ತ ಬಂದಿತು. ತಲೆ ಹೋದ ಮೇಲೂ ಬಾಲ ಬಂಡೆಯನ್ನು ಬಡಿಯುತ್ತಲೇ ಇತ್ತು. ಕೊನೆಗೂ ಅದನ್ನು ಕಂಡೆನೆಂದು ನನಗೆ ಕಣ್ಣು ತುಂಬಿ ಬಂದವು.

“ಏನ್ ಕ್ರೂರ ಐತ್ರೀ ಇದು! ಇದನ್ನ ನೋಡಾಕ ಇಷ್ಟ ದೂರ ಬಂದ್ವಿ?” ಎಂದಳು ಗೆಳತಿ.

“ಹಸದದ್ದಕ್ಕ ತಿನ್ನಾಕತ್ತೈತ್ರಿ,” ಎಂದೆ.

ಮಧ್ಯಾಹ್ನ ಸುರಹೊನ್ನೆ ಮರದ ನೆರಳಿನಲ್ಲಿ ಅರಿವೆ ಹಾಸಿದರು. ಗೆಳತಿಯ ರೊಟ್ಟಿ ಇಳಿದವು, ನಾದಿನಿಯ ರೊಟ್ಟಿ ಇಳಿದವು. ನಾನು ನನ್ನ ಗಂಟನ್ನು ಮುಂದೆ ಸರಿಸಿದೆ. ನಾದಿನಿ ಅದನ್ನು ಬೆರಳ ತುದಿಯಿಂದ ಅರಿವೆಯ ಹೊರಗೆ ನೂಕಿ, “ಇವು ಖಾಲಿ ಆಗಲಿ, ಆಮ್ಯಾಲ ಬಿಚ್ಚೋಣ” ಎಂದಳು. ನಾನು ಗೆಳತಿಯನ್ನು ನೋಡಿದೆ. ಆಕೆ ಉಪ್ಪಿನಕಾಯಿ ಬಡಿಸುವುದರಲ್ಲಿ ಮುಳುಗಿದ್ದಳು. ನನ್ನ ಎಲೆಗೆ ಬಂದ ರೊಟ್ಟಿಯನ್ನು ನಾನು ಮುರಿಯಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ಊಟ ಮುಗಿಯಿತು. ಮರಗಳಿಂದ ಮಂಗಗಳ ಹಿಂಡು ಇಳಿದು ಬಂದಿತ್ತು. ನಾದಿನಿ ನನ್ನ ಗಂಟಿನ ಕಡೆಗೆ ಕೈ ಚಾಚಿದಳು.

“ಹೆಂಗೂ ಉಳದಾವಲ್ಲ, ಮಂಗ್ಯಾಗೋಳಿಗೆ ಹಾಕೋಣ. ಪುಣ್ಯಾರ ಬರತೈತಿ.”

“ಬಿಚ್ಚೇ ಇಲ್ಲ, ಉಳದಾವಂದ್ರ ಹ್ಯಾಂಗ್ರಿ?” ಎಂದೆ. “ಮತ್ತ, ಅವಕ್ಕ ಹಾಕಬ್ಯಾಡ್ರಿ. ಒಮ್ಮೆ ರುಚಿ ಹತ್ತಿದ್ರ ಕೈಯಾಗಿಂದು ಕಸಗೋತಾವು.”

“ನೋಡವ್ವಾ, ರೊಟ್ಟಿ ಮ್ಯಾಲಿನ ಜೀವ! ಮೂಕ ಪ್ರಾಣಿ ತಿಂದ್ರ ಸುದ್ದಾ ಇವರಿಗೆ ತಡಿಯೂದಿಲ್ಲ.”

ಗಂಟಿನ ಒಂದು ತುದಿಯನ್ನು ಮಾತ್ರ ಹಿಡಿದು, ಒಳಗಿನದಕ್ಕೆ ಕೈ ತಾಗದಂತೆ ಆಕೆ ಅದನ್ನು ಕೊಡವಿದಳು. ರೊಟ್ಟಿ ಮರಳಿಗೆ ಬಿದ್ದವು. ಎಣಗಾಯಿಯ ಡಬ್ಬಿ ಉರುಳಿ ಎಣ್ಣೆ ಚೆಲ್ಲಿತು. ಗೆಳತಿ ಸಮುದ್ರವನ್ನು ನೋಡುತ್ತಿದ್ದಳು.

ರೊಟ್ಟಿ ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದೊಡ್ಡ ಗಂಡುಮಂಗವೊಂದು ಗೆಳತಿಯ ಮಡಿಲಲ್ಲಿದ್ದ ಪೇಢೆಯ ಪೊಟ್ಟಣಕ್ಕೆ ಕೈ ಹಾಕಿತು. ಆಕೆ ಬಿಡದೆ ಎಳೆದಳು. ಅದು ಆಕೆಯ ಮುಂಗೈಗೆ ಬಾಯಿ ಹಾಕಿ ತಲೆ ಕೊಡವಿತು. ಮಾಂಸದ ತುಂಡೊಂದು ಚರ್ಮಕ್ಕೆ ಜೋತುಬಿದ್ದಿತು. ಆಕೆಯ ಗಂಡ ದಂಡೆಯಲ್ಲಿ ಬಿದ್ದಿದ್ದ ಹಳೆಯ ಹುಟ್ಟನ್ನು ಎತ್ತಿಕೊಂಡು ಓಡಿ ಬಂದು ಬೀಸಿದ. ಗಂಡುಮಂಗ ತಪ್ಪಿಸಿಕೊಂಡಿತು. ಏಟು ಅದರ ಹಿಂದೆ ಕುಳಿತು ತಿನ್ನುತ್ತಿದ್ದ ತಾಯಿಮಂಗದ ಬೆನ್ನಿಗೆ ಬಿದ್ದಿತು. ಎಲುಬು ಮುರಿದ ಸದ್ದು ಅಲೆಯ ಮೊರೆತದಲ್ಲಿಯೂ ಕೇಳಿಸಿತು. ಹಿಂಗಾಲು ಸತ್ತ ಆ ಪ್ರಾಣಿ ಮುಂಗೈಗಳಿಂದ ಮರಳನ್ನು ಬಾಚುತ್ತ ಕಾಡಿನತ್ತ ತೆವಳಿತು. ಹೊಟ್ಟೆಗೆ ಕಚ್ಚಿಕೊಂಡಿದ್ದ ಮರಿ ನೆಲಕ್ಕೆ ಉಜ್ಜುತ್ತ ಚೀರುತ್ತಿತ್ತು. ಪುಣ್ಯದ ಮಾತಾಡಿದ ಬಾಯಿಯೇ ಈಗ “ಹೊಡಿ, ಅದನ್ನೂ ಹೊಡಿ!” ಎಂದು ಕೂಗುತ್ತಿತ್ತು.

ಇಡೀ ಹಿಂಡು ಮೇಲೆ ಬಿದ್ದಿತು. ನಾದಿನಿಯ ತುರುಬು ಹಿಡಿದು ಒಂದು ಮಂಗ ಜೋತಾಡಿತು. ಕೂದಲ ಜೊತೆಗೆ ನೆತ್ತಿಯೂ ಹರಿದು ರಕ್ತ ಹುಬ್ಬಿಗಿಳಿಯಿತು. ನಾನು ಗೆಳತಿಯ ರಟ್ಟೆ ಹಿಡಿದು ಎಳೆಯುತ್ತ, ಎದುರಿಗೆ ಬಂದ ಒಂದನ್ನು ಕೊಡೆಯಿಂದ ಮುಖಕ್ಕೇ ತಿವಿದು, ಸೊಂಟಮಟ್ಟದ ನೀರಿಗೆ ಇಳಿದೆ. ನೀರಿಗೆ ಅವು ಬರಲಿಲ್ಲ. ಅಷ್ಟು ದೂರದಲ್ಲಿ ಕಾಯುತ್ತಿದ್ದ ದೋಣಿಯವನು ಬೈಯುತ್ತಲೇ ದೋಣಿ ತಂದು ಎಲ್ಲರನ್ನೂ ಒಳಗೆ ಎಳೆದುಕೊಂಡ.

ದೋಣಿಯಲ್ಲಿ ಗೆಳತಿಯ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಕುಡಿಯುವ ನೀರು ಸುರಿದು, ಸಾಬೂನು ಹಚ್ಚಿ, ಬಾಟಲಿಗಳು ಬರಿದಾಗುವವರೆಗೂ ತೊಳೆದೆ. ಆಕೆ ಕಿರಿಚುತ್ತಿದ್ದಳು. ಆಮೇಲೆ ಗಾಯಕ್ಕೆ ನನ್ನ ಸೆರಗನ್ನು ಒತ್ತಿ ಹಿಡಿದೆ. ಬಟ್ಟೆ ನೆನೆದು ರಕ್ತ ನನ್ನ ಮೊಣಕಾಲಿನವರೆಗೆ ಇಳಿಯಿತು. ನಾದಿನಿ ತಲೆಗೆ ಟವೆಲ್ ಸುತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ಆ ರೊಟ್ಟ್ಯಾಗ ಏನ್ ಹಾಕಿದ್ರೋ ಏನೋ! ತಿಂದದ್ದ ತಡಾ, ಹುಚ್ಚೆದ್ದು ಬಂದ್ವು.”

ಇಂಥ ಮಾತನ್ನು ನಾನು ಮೊದಲ ಸಲ ಕೇಳಿದವಳಲ್ಲ. ನನಗೆ ಬೇಕಾಗಿದ್ದದ್ದು ಗೆಳತಿಯ ಉತ್ತರ. ಮಾತು ಕೊಟ್ಟವಳು ಆಕೆ. ಆಕೆಯ ಕೈ ನನ್ನ ಕೈಯಲ್ಲಿತ್ತು.

ಆಕೆ ಕಣ್ಣು ಮುಚ್ಚಿ ಹೇಳಿದಳು: “ಎಳ್ಳು ಭಾಳ ಹಚ್ಚಿದ್ರಿ ಅನಸತೈತಿ ಟೀಚರ್. ಆ ವಾಸನಿಗೆ ಬಂದಿರಬೇಕು.”

ನಾನು ಕೈ ಬಿಡಲಿಲ್ಲ. ಒತ್ತುವುದನ್ನು ಸಡಿಲಿಸಲೂ ಇಲ್ಲ. ದಡ ಸೇರಿ, ಆಸ್ಪತ್ರೆಯಲ್ಲಿ ಗಾಯದ ಸುತ್ತ ಸೂಜಿ ಚುಚ್ಚಿ ಮುಗಿಸುವವರೆಗೂ ಪಕ್ಕದಲ್ಲಿಯೇ ನಿಂತೆ. ಮುಂದಿನ ಚುಚ್ಚುಮದ್ದುಗಳನ್ನು ತಪ್ಪಿಸಬಾರದೆಂದು ವೈದ್ಯರು ಹೇಳಿದ್ದನ್ನು ಆಕೆಯ ಗಂಡನಿಂದ ಎರಡೆರಡು ಸಲ ಹೇಳಿಸಿ ಖಚಿತಪಡಿಸಿಕೊಂಡೆ.

ಘಟ್ಟ ಏರುವಾಗ ಗಂಡ ಮತ್ತು ನಾದಿನಿ ಮುಂದಿನ ಕಾರಿನಲ್ಲಿದ್ದರು, ನಾವಿಬ್ಬರು ಹಿಂದಿನ ಬಾಡಿಗೆ ಕಾರಿನಲ್ಲಿದ್ದೆವು. ಗೆಳತಿ ಮೆಲ್ಲಗೆ ನನ್ನ ಕಡೆಗೆ ಬಾಗಿದಳು.

“ಮನಸ್ಸಿಗೆ ಹಚ್ಚಿಗೋಬ್ಯಾಡ್ರಿ. ನಾದಿನಿ ಮುಂದ ನಾ ಏನ್ ಅನ್ನಾಕಾಗತೈತಿ?”

“ನನ್ನ ಮುಂದ ಎಳ್ಳಿನ ಮಾತು ಅನ್ನಾಕ ಆತಲ್ರಿ?”

ಕಾರು ತಿರುವುಗಳನ್ನು ದಾಟುತ್ತ ಹೋಯಿತು. ಯಲ್ಲಾಪುರ ಹಿಂದೆ ಬಿದ್ದ ಮೇಲೆ ಆಕೆ ಮತ್ತೆ ಕೇಳಿದಳು.

“ಹಂಗಾದ್ರ, ಕೈ ಆರಾಮಾದ ಮ್ಯಾಲ ವಾಕಿಂಗ್ ಬರ್ತೀರಿಲ್ಲ?”

“ನೀವು ಹೋಗ್ರಿ. ನಾನೂ ಹೋಗತೇನಿ. ದಾರಿ ಬ್ಯಾರೆ ಅಷ್ಟ.”

ಮರುದಿನದಿಂದ ನಾನು ರೈಲು ಹಳಿಯ ಕಡೆಯ ದಾರಿ ಹಿಡಿದಿದ್ದೇನೆ. ಆಕೆಯ ಕೈ ಮಾಗಿದೆ, ಬೆರಳುಗಳು ಮೊದಲಿನಂತೆಯೇ ಮಡಚುತ್ತವೆ ಎಂದು ಬಡಾವಣೆಯ ಯಾರೋ ಬಂದು ಹೇಳಿದರು. ನಾನಾಗಿ ವಿಚಾರಿಸಿರಲಿಲ್ಲ.